ಸರ್ಕಾರದ ಮಾತು, ಪಕ್ಷದ ಮಾತು: ವಾರ್ತಾ ಸಿಬ್ಬಂದಿ ಗೆರೆ ಎಳೆದುಕೊಳ್ಳುವುದು ಹೇಗೆ

2023ರ ನವೆಂಬರ್ 27ರಂದು ಚುನಾವಣಾ ಆಯೋಗದಿಂದ ಕರ್ನಾಟಕದ ಮುಖ್ಯ ಕಾರ್ಯದರ್ಶಿಗೆ ಒಂದು ಪತ್ರ ಬಂತು. ಚುನಾವಣೆ ಇದ್ದದ್ದು ಪಕ್ಕದ ತೆಲಂಗಾಣದಲ್ಲಿ. ನಮ್ಮಲ್ಲಿ ಆಗ ಮಾದರಿ ನೀತಿ ಸಂಹಿತೆಯೇ ಇರಲಿಲ್ಲ. ಆದರೆ ಕರ್ನಾಟಕ ಸರ್ಕಾರದ ಸಾಧನೆಯ ಜಾಹೀರಾತುಗಳು ಪತ್ರಿಕೆಗಳ ತೆಲಂಗಾಣ ಆವೃತ್ತಿಗಳಲ್ಲಿ ಅಚ್ಚಾಗಿದ್ದವು, ಅದೂ ಆಯೋಗದ ಪೂರ್ವಾನುಮತಿ ಇಲ್ಲದೆ, ಮತದಾನ ಇನ್ನೇನು ಬಂತು ಎನ್ನುವಾಗ. ಆಯೋಗ ಜಾಹೀರಾತು ನಿಲ್ಲಿಸಲು ಹೇಳಿತು. ಅಷ್ಟಕ್ಕೇ ಬಿಡದೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹೊಣೆ ಹೊತ್ತ ಕಾರ್ಯದರ್ಶಿಯ ಮೇಲೆ ಶಿಸ್ತುಕ್ರಮ ಏಕೆ ಆಗಬಾರದು ಎಂದೂ ಕೇಳಿತು.

ಪತ್ರದಲ್ಲಿ ಕೇಳಿದ್ದು ಅಧಿಕಾರಿಯನ್ನು, ಸಚಿವರನ್ನಲ್ಲ. ಪ್ರಚಾರದ ಕೆಲಸದಲ್ಲಿರುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು. ಜಾಹೀರಾತು ಬಿಡುಗಡೆ ಆದೇಶದಲ್ಲಿ, ಅಂದರೆ ಎಲ್ಲರೂ ಆರ್‌ಒ ಎನ್ನುವ ಆ ಒಂದು ಹಾಳೆಯಲ್ಲಿ, ಪತ್ರಿಕೆಯ ಹೆಸರು, ಅಳತೆ, ದರ, ದಿನಾಂಕಗಳ ಪಕ್ಕದಲ್ಲೇ ಆವೃತ್ತಿ ಎಂಬ ಕಾಲಂ ಇರುತ್ತದೆ. ಅವಸರದಲ್ಲಿ ಅಲ್ಲಿ ‘ಎಲ್ಲ ಆವೃತ್ತಿ’ ಎಂದು ಬರೆದು ರುಜು ಹಾಕುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಹಾಗೆ ಬರೆಯುವ ಮುನ್ನ ಆ ಆವೃತ್ತಿ ಹೋಗುವ ರಾಜ್ಯಗಳಲ್ಲಿ ಎಲ್ಲಾದರೂ ಚುನಾವಣೆ ಘೋಷಣೆಯಾಗಿದೆಯೇ ನೋಡಿ. ಆಗಿದ್ದರೆ ಆ ಆವೃತ್ತಿಯನ್ನು ಕೈಬಿಡಬೇಕು, ಇಲ್ಲವೇ ಆಯೋಗದ ಅನುಮತಿ ಬರುವವರೆಗೆ ಕಾಯಬೇಕು. ಎರಡು ನಿಮಿಷದ ಕೆಲಸ.

ರಾಜಕೀಯ ತಟಸ್ಥತೆ ಎಂದರೆ ಮನಸ್ಸಿನಲ್ಲಿ ಯಾವ ಪಕ್ಷದ ಒಲವೂ ಇಲ್ಲದಿರುವುದು ಎಂದು ಹಲವರು ತಿಳಿದಿದ್ದಾರೆ. ಒಲವು ಇರಲಿ, ಮತಗಟ್ಟೆಯಲ್ಲಿ ಅದಕ್ಕೆ ಜಾಗವಿದೆ. ಇಲ್ಲಿನ ಮಾತು ಕಡತದ್ದು: ಯಾವ ಸಾಲು ಹೋಗಬಹುದು, ಯಾವ ಮುಖ ಹೋಗಬಹುದು, ಯಾವ ಫೋನಿನಿಂದ ಹೋಗಬಹುದು, ಯಾರು ಹೇಳಿದ್ದಕ್ಕೆ ಹೋಯಿತು.

ಗೆರೆ ಇರುವುದು ಎಲ್ಲಿ

ತಟಸ್ಥರಾಗಿರುವುದು ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಈಗಿನ ಸರ್ಕಾರದ ನೀತಿಯನ್ನು ಜನರಿಗೆ ತಿಳಿಸುವುದು, ಅದಕ್ಕೆ ಕೊಟ್ಟ ಕಾರಣವನ್ನು ವಿವರಿಸುವುದು, ತಪ್ಪು ಅಂಕಿ ಹರಡಿದರೆ ಸರಿಪಡಿಸುವುದು ವಾರ್ತಾ ಸಿಬ್ಬಂದಿಯ ಸಂಬಳದ ಕೆಲಸ. ‘ಸರ್ಕಾರದ ಪರ ಒಂದು ಮಾತೂ ಆಡಲಾರೆ, ನಾನು ತಟಸ್ಥ’ ಎನ್ನುವವರು ಕೆಲಸ ಮಾಡುತ್ತಿಲ್ಲ, ಅಷ್ಟೆ. ಒಳಗಿನ ಕಡತವನ್ನು ವಿರೋಧ ಪಕ್ಷದವರಿಗೆ ಗುಟ್ಟಾಗಿ ದಾಟಿಸುವವರಂತೂ ಇನ್ನೊಂದು ಪಕ್ಷದ ಕೆಲಸ ಮಾಡುತ್ತಿದ್ದಾರೆ.

ಎರಡು ಘೋಷಣೆಗಳನ್ನು ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ. ‘ಗೃಹಲಕ್ಷ್ಮಿ ಯೋಜನೆಯಡಿ ಅರ್ಹ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ’: ಇದು ಸರ್ಕಾರದ ಮಾತು, ಆದೇಶ ಇದೆ, ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆ ಇದೆ. ‘ನುಡಿದಂತೆ ನಡೆದಿದ್ದೇವೆ’: ಇಲ್ಲಿ ನುಡಿದವರು ಯಾರು? ಪ್ರಣಾಳಿಕೆ ಬರೆದ ಪಕ್ಷ. ಸರ್ಕಾರ ರಚನೆಯಾಗುವ ಮೊದಲೇ ಆಡಿದ ಮಾತದು. ಹಾಗೆಯೇ ‘ಡಬಲ್ ಎಂಜಿನ್ ಸರ್ಕಾರ’. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷ ಇರಲಿ ಎಂಬುದರ ಹೊರತು ಆ ಮಾತಿಗೆ ಬೇರೆ ಅರ್ಥವಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇಂಥದ್ದೊಂದು ಘೋಷಣೆ ಜಾಹೀರಾತಿನ ತಲೆಬರಹಕ್ಕೆ ಬಂದು ಕೂರಲು ನೋಡುತ್ತದೆ. ಯೋಜನೆಯ ಅಧಿಕೃತ ಹೆಸರನ್ನು ಆದೇಶದಲ್ಲಿ ಇರುವಂತೆಯೇ ಬಳಸಿ, ಹೆಸರಿನ ಹುಟ್ಟು ಪ್ರಣಾಳಿಕೆಯಲ್ಲೇ ಇದ್ದರೂ ಸರಿ. ಆದೇಶದಲ್ಲಿ ಇಲ್ಲದ ಘೋಷಣೆಯನ್ನು ಸೇರಿಸಬೇಡಿ.

ಅನುಮಾನ ಬಂದಾಗ ಹಾಕಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಾಳೆ ಬೇರೆ ಪಕ್ಷದ ಸರ್ಕಾರ ಬಂದರೆ, ಯೋಜನೆ ಮುಂದುವರಿದರೆ, ಈ ಸಾಲನ್ನು ಹಾಗೆಯೇ ಇನ್ನೊಮ್ಮೆ ಅಚ್ಚು ಹಾಕಬಹುದೇ?

ಕಾನೂನಿನ ಪಾಲು ಹೆಚ್ಚಿಲ್ಲ. ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021ರ 5ನೇ ನಿಯಮ: ಸರ್ಕಾರಿ ನೌಕರ ಯಾವ ರಾಜಕೀಯ ಪಕ್ಷದ, ರಾಜಕೀಯದಲ್ಲಿ ತೊಡಗುವ ಯಾವ ಸಂಘಟನೆಯ ಸದಸ್ಯನೂ ಆಗಬಾರದು, ಅದರ ಜೊತೆ ಬೇರೆ ನಂಟೂ ಇಟ್ಟುಕೊಳ್ಳಬಾರದು. ಜನಪ್ರಾತಿನಿಧ್ಯ ಕಾಯ್ದೆ, 1951ರ 134ಎ ಕಲಂ ಪ್ರಕಾರ ಸರ್ಕಾರಿ ನೌಕರ ಅಭ್ಯರ್ಥಿಯ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್ ಅಥವಾ ಎಣಿಕೆ ಏಜೆಂಟ್ ಆದರೆ ಮೂರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಅದೇ ಕಾಯ್ದೆಯ 123(7) ಇನ್ನೊಂದು ಕಡೆಯಿಂದ ಹಿಡಿಯುತ್ತದೆ: ಗೆಲುವಿಗಾಗಿ ಸರ್ಕಾರಿ ನೌಕರರ ನೆರವು ಪಡೆದ ಅಭ್ಯರ್ಥಿಯದ್ದು ಭ್ರಷ್ಟ ಚುನಾವಣಾ ಪದ್ಧತಿ.

ಸಚಿವರ ಆಪ್ತ ಶಾಖೆಗೆ ನಿಯೋಜನೆಗೊಂಡವರು ಈ 123(7)ರ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯನ್ನು ರದ್ದು ಮಾಡಿದ್ದು ಇದೇ ಕಲಮಿನಡಿ. ಪ್ರಧಾನಿ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿಯಾಗಿದ್ದು, ಆ ಚುನಾವಣೆಯಲ್ಲಿ ಇಂದಿರಾ ಅವರ ಪರ ಕೆಲಸ ಮಾಡಿದ ಯಶಪಾಲ್ ಕಪೂರ್ ಅವರ ರಾಜೀನಾಮೆ ಯಾವ ದಿನದಿಂದ ಜಾರಿಗೆ ಬಂತು ಎಂಬ ದಿನಾಂಕದ ಜಗಳ ಒಂದು. ಪ್ರಚಾರ ಸಭೆಗಳಿಗೆ ಉತ್ತರ ಪ್ರದೇಶದ ಅಧಿಕಾರಿಗಳು ವೇದಿಕೆ ಕಟ್ಟಿಸಿ ವಿದ್ಯುತ್ ಕೊಡಿಸಿದ್ದು ಇನ್ನೊಂದು. ಆ ವರ್ಷವೇ ತಿದ್ದುಪಡಿಯಾದ ಕಾನೂನನ್ನು ಆಧರಿಸಿ ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಆ ತೀರ್ಪನ್ನು ಬದಿಗೆ ಸರಿಸಿತು, ಅದು ಬೇರೆ ಮಾತು. ಮಂತ್ರಿಯ ಜೊತೆ ಚುನಾವಣೆಗೆ ಇಳಿಯಬೇಕೆನ್ನುವವರು ಮೊದಲು ರಾಜೀನಾಮೆ ಕೊಟ್ಟು, ಅಂಗೀಕಾರದ ಆದೇಶ ಕೈಗೆ ಬಂದ ಮೇಲೆ ಹೊರಡಬೇಕು. ‘ಅರ್ಜಿ ಕೊಟ್ಟಿದ್ದೇನೆ’ ಎನ್ನುವುದು ಸಾಲದು.

ಪತ್ರಿಕಾ ಟಿಪ್ಪಣಿಯ ಒಂದು ಸಾಲು

ಹೀಗೊಂದು ಕರಡು ನಿಮ್ಮ ಮೇಜಿಗೆ ಬಂತೆಂದು ಇಟ್ಟುಕೊಳ್ಳಿ:

‘ಬಡವರ ಬಂಧು, ಜನಪ್ರಿಯ ಸಚಿವರ ಅವಿರತ ಶ್ರಮದ ಫಲವಾಗಿ, ಹಿಂದಿನ ಸರ್ಕಾರ ಮೂಲೆಗೆ ತಳ್ಳಿದ್ದ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕ ಕೊನೆಗೂ ಜನರ ಸೇವೆಗೆ ಸಮರ್ಪಣೆಗೊಂಡಿತು.’

‘ಬಡವರ ಬಂಧು’, ‘ಜನಪ್ರಿಯ’, ‘ಅವಿರತ ಶ್ರಮ’ ಎಲ್ಲರ ಕಣ್ಣಿಗೂ ಬೀಳುತ್ತವೆ, ಹೊಡೆದುಹಾಕುವುದೂ ಸುಲಭ. ತಪ್ಪಿಸಿಕೊಳ್ಳುವುದು ‘ಕೊನೆಗೂ’. ಮೂರಕ್ಷರದಲ್ಲಿ ಹಿಂದಿನವರನ್ನು ಬೈದು ಮುಗಿಸುವ ಪದ ಅದು. ‘ಹಿಂದಿನ ಸರ್ಕಾರ’ ಎಂಬ ಮಾತನ್ನು ಪೂರ್ತಿ ನಿಷೇಧಿಸಬೇಕಿಲ್ಲ, ಆದರೆ ಅದರ ಹಿಂದೆ ಆದೇಶ ಸಂಖ್ಯೆ, ದಿನಾಂಕ, ಮೊತ್ತ ಇರಬೇಕು. ಇವಿಲ್ಲದಿದ್ದರೆ ತೆಗೆಯಿರಿ. ಇದ್ದರೂ, ಆಗ ಮಂಜೂರು ಮಾಡಿದ್ದು ಅವರೇ ಆಗಿದ್ದರೆ ಅದನ್ನೂ ಬರೆಯಬೇಕಾಗುತ್ತದೆ. ಅದು ಗೊತ್ತಾದ ಕೂಡಲೇ ಕರಡು ತಂದವರಿಗೆ ಆ ಸಾಲಿನ ಮೇಲಿನ ಆಸಕ್ತಿ ಹೋಗಿಬಿಡುತ್ತದೆ.

ತಿದ್ದಿದ ಮೇಲೆ:

‘ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ನಾಲ್ಕು ಯಂತ್ರಗಳ ಡಯಾಲಿಸಿಸ್ ಘಟಕವನ್ನು ಆರೋಗ್ಯ ಸಚಿವರು ಸೋಮವಾರ ಉದ್ಘಾಟಿಸಿದರು. ಘಟಕ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ರೋಗಿಗಳು ಪಡಿತರ ಚೀಟಿ ಮತ್ತು ವೈದ್ಯರ ಶಿಫಾರಸು ಪತ್ರ ತರಬೇಕು. ಇದುವರೆಗೆ ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದವರು ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು.’

ಸಚಿವರು ಟಿಪ್ಪಣಿಯಿಂದ ಎಲ್ಲಿಗೂ ಹೋಗಿಲ್ಲ, ಉದ್ಘಾಟಿಸಿದ್ದು ಅವರೇ. ವಾರಕ್ಕೆ ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುವ ರೋಗಿಗೆ ಬೇಕಾದದ್ದು ಮಾತ್ರ ಹೊಸದಾಗಿ ಸೇರಿತು. ಗುಣವಾಚಕ ತೆಗೆದ ಜಾಗದಲ್ಲಿ ಮಾಹಿತಿ ಇಟ್ಟರೆ ಟಿಪ್ಪಣಿ ಬೋಳಾಯಿತೆಂದು ಯಾರೂ ಹೇಳುವುದಿಲ್ಲ. ಸುಮ್ಮನೆ ತೆಗೆದು ಖಾಲಿ ಬಿಟ್ಟರೆ ಆಪ್ತ ಕಾರ್ಯದರ್ಶಿಯಿಂದ ಫೋನ್ ಬರುತ್ತದೆ.

ಕರಡಿನಲ್ಲಿ ಹುಡುಕಿ ತೆಗೆಯಬೇಕಾದ ಇನ್ನಷ್ಟು ಪದಗಳು: ಐತಿಹಾಸಿಕ, ದಿಟ್ಟ, ಜನಪರ, ಕನಸಿನ ಯೋಜನೆ, ಮಹಾಪೂರ, ಶಕೆ, ಪರ್ವ, ಭಾಗ್ಯವಿಧಾತ. ‘ಅನ್ನಭಾಗ್ಯ’ದಂತೆ ಯೋಜನೆಯ ಹೆಸರಲ್ಲೇ ‘ಭಾಗ್ಯ’ ಇದ್ದರೆ ಅದು ಹೆಸರು, ಬಿಡಿ. ಗೌರವಸೂಚಕಗಳಲ್ಲಿ ಅಳತೆ ಒಂದೇ ಇರಲಿ. ಮುಖ್ಯಮಂತ್ರಿಗೆ ‘ಸನ್ಮಾನ್ಯ’ ಹಾಕಿ, ಅದೇ ಟಿಪ್ಪಣಿಯಲ್ಲಿ ಸಂಪುಟ ದರ್ಜೆಯ ವಿರೋಧ ಪಕ್ಷದ ನಾಯಕರನ್ನು ಬರೀ ಹೆಸರಿನಲ್ಲಿ ಕರೆದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ. ಎಲ್ಲರಿಗೂ ‘ಮಾನ್ಯ’ ಎಂದಿಟ್ಟರೆ ತಂಟೆಯಿಲ್ಲ.

ಸಚಿವರ ಭಾಷಣದ ವಿಷಯ ಸ್ವಲ್ಪ ಸೂಕ್ಷ್ಮ. ಸರ್ಕಾರಿ ವೇದಿಕೆಯಲ್ಲೇ ಅವರು ಹತ್ತು ನಿಮಿಷ ಯೋಜನೆಯ ಬಗ್ಗೆ ಹೇಳಿ, ಇಪ್ಪತ್ತು ನಿಮಿಷ ಎದುರಾಳಿಗಳನ್ನು ಜಾಲಾಡಬಹುದು. ಅದು ಅವರ ಹಕ್ಕು. ಕೆಳಗೆ ಕೂತ ವರದಿಗಾರರು ಬರೆದುಕೊಳ್ಳುತ್ತಾರೆ. ಇಲಾಖೆಯ ಟಿಪ್ಪಣಿಗೆ ಮಾತ್ರ ಮೊದಲ ಹತ್ತು ನಿಮಿಷ ಸಾಕು. ‘ಎಂದು ಸಚಿವರು ಲೇವಡಿ ಮಾಡಿದರು’ ಎಂದು ಉದ್ಧರಣ ಚಿಹ್ನೆಯೊಳಗೆ ಹಾಕಿದರೂ ಅದು ಸರ್ಕಾರದ ಖರ್ಚಿನಲ್ಲಿ ಹೋದ ಬೈಗುಳವೇ. ವಿಡಿಯೊ ತುಣುಕಿಗೂ ಇದೇ ಅಳತೆ. ಪೂರ್ತಿ ನೇರಪ್ರಸಾರ ಇದ್ದ ಕಾರ್ಯಕ್ರಮವಾದರೆ, ಆಮೇಲೆ ಇಲಾಖೆಯ ಖಾತೆಯಲ್ಲಿ ಉಳಿಸುವ ಪ್ರತಿ ಯಾವುದು, ಎಷ್ಟು ಹೊತ್ತಿನದು ಎಂದು ಕಾರ್ಯಕ್ರಮಕ್ಕೆ ಮೊದಲೇ ತೀರ್ಮಾನಿಸಿ ಬರೆದಿಡಿ. ಭಾಷಣ ಮುಗಿದ ಮೇಲೆ ಕತ್ತರಿ ಆಡಿಸಿದರೆ ಅದೂ ಒಂದು ಸುದ್ದಿಯಾಗುತ್ತದೆ.

ವಿರೋಧ ಪಕ್ಷದವರ ಆರೋಪಕ್ಕೆ ಸ್ಪಷ್ಟನೆ ಕೊಡಬೇಕಾದಾಗ ಅಂಕಿಗೆ ಉತ್ತರ ಕೊಡಿ, ಆಳಿಗಲ್ಲ. ‘ಸುದ್ದಿಗೋಷ್ಠಿಯಲ್ಲಿ ಪ್ರಸ್ತಾಪವಾದ ಬಾಕಿ ಮೊತ್ತಕ್ಕೆ ಸಂಬಂಧಿಸಿ ಇಲಾಖೆಯ ಲೆಕ್ಕ ಹೀಗಿದೆ’ ಎಂದು ಆರಂಭಿಸಿ, ಮೊತ್ತ, ದಿನಾಂಕ, ಎಲ್ಲಿಯವರೆಗಿನ ಲೆಕ್ಕ ಎಂಬುದನ್ನು ಕೊಟ್ಟು ಮುಗಿಸಿ. ‘ದುರುದ್ದೇಶದಿಂದ’, ‘ಹತಾಶೆಯಿಂದ’ ಎಂಬ ಪದ ಬಂದರೆ ಅದನ್ನು ಪಕ್ಷದ ವಕ್ತಾರರೇ ಹೇಳಿಕೊಳ್ಳಲಿ. ಅವರಿಗೂ ಕೆಲಸ ಬೇಕಲ್ಲ.

ಮುಖಗಳು, ಹೆಸರುಗಳು

2015ರ ಮೇ 13ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಜಾಹೀರಾತಿಗೆ ಮಾರ್ಗಸೂಚಿ ಕೊಟ್ಟಿತು. ಆಳುವ ಪಕ್ಷದ ಹೆಸರು ಹೇಳುವಂತಿಲ್ಲ. ಪಕ್ಷದ ಚಿಹ್ನೆ, ಬಾವುಟ, ಲಾಂಛನ ಇರುವಂತಿಲ್ಲ. ವಿರೋಧಿಗಳ ನಿಲುವನ್ನು ನೇರವಾಗಿ ಟೀಕಿಸುವಂತಿಲ್ಲ. ಪಕ್ಷದ ಅಥವಾ ರಾಜಕಾರಣಿಯ ಜಾಲತಾಣಕ್ಕೆ ಕೊಂಡಿ ಕೊಡುವಂತಿಲ್ಲ. ಕ್ಯೂಆರ್ ಕೋಡ್ ಹಾಕುವವರು ಕೊನೆಯದನ್ನು ಎರಡು ಸಲ ಓದಿಕೊಳ್ಳಿ. ಅಚ್ಚಿಗೆ ಹೋಗುವ ಮುನ್ನ ಆ ಕೋಡನ್ನು ನಿಮ್ಮ ಫೋನಿನಲ್ಲಿ ತೆರೆದು ಎಲ್ಲಿಗೆ ಹೋಗುತ್ತದೆ ನೋಡಿ, ಸಚಿವರ ಸ್ವಂತ ಪುಟಕ್ಕೆ ಹೋದರೆ ಬದಲಾಯಿಸಿ.

ಭಾವಚಿತ್ರದ ಬಗ್ಗೆ ಆ ತೀರ್ಪು ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಮರುಪರಿಶೀಲನೆ ಕೋರಿದವು. 2016ರ ಮಾರ್ಚ್ 18ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳು, ಇಲಾಖೆಯ ಸಚಿವರಿಗೂ ಬಾಗಿಲು ತೆರೆಯಿತು. ಆದರೆ ಆದೇಶದ ಮಾತು ಗಮನಿಸಬೇಕು: ಇಲಾಖೆಯ ಸಚಿವರ ಚಿತ್ರವನ್ನು ಪ್ರಧಾನಿ ಅಥವಾ ಮುಖ್ಯಮಂತ್ರಿ ಚಿತ್ರದ ‘ಬದಲಿಗೆ’ ಹಾಕಬಹುದು ಎಂದಿದೆ, ‘ಜೊತೆಗೆ’ ಎಂದಲ್ಲ. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಉಸ್ತುವಾರಿ ಸಚಿವ, ಶಾಸಕ, ನಿಗಮದ ಅಧ್ಯಕ್ಷ ಎಂದು ಸಾಲುಸಾಲು ಮುಖ ಜೋಡಿಸಿದ ಜಾಹೀರಾತು ಕಣ್ಣಿಗೆ ರೂಢಿಯಾಗಿದೆ ಎಂಬುದು ಆದೇಶವನ್ನು ಬದಲಿಸುವುದಿಲ್ಲ.

ಇದರ ಮೇಲೆ ಕಣ್ಣಿಡಲು ಕೇಂದ್ರದಲ್ಲಿ ಮೂವರ ಸಮಿತಿ ಇದೆ. ತಮ್ಮ ಜಾಹೀರಾತನ್ನೂ ಆ ಸಮಿತಿಯೇ ನೋಡಲಿ ಎಂದು ಒಪ್ಪಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಮಿತಿಯ ಮಾತು ಹಣದ ರೂಪ ತಾಳಬಹುದು. ದೆಹಲಿ ಸರ್ಕಾರದ ಜಾಹೀರಾತುಗಳಲ್ಲಿ ಪಕ್ಷದ ಪ್ರಚಾರವಿತ್ತೆಂದು 2016ರಲ್ಲಿ ಸಮಿತಿ ಹೇಳಿದ್ದರ ಮುಂದುವರಿಕೆಯಾಗಿ 2023ರ ಜನವರಿಯಲ್ಲಿ ಅಲ್ಲಿನ ವಾರ್ತಾ ಇಲಾಖೆ ಆಮ್ ಆದ್ಮಿ ಪಕ್ಷಕ್ಕೆ ಬಡ್ಡಿ ಸೇರಿ 163.62 ಕೋಟಿ ರೂಪಾಯಿ ಕಟ್ಟುವಂತೆ ನೋಟಿಸ್ ಕೊಟ್ಟಿತು. ಜಾಹೀರಾತು ಹೊರಡಿಸಿದ ಇಲಾಖೆಯೇ ವಸೂಲಿಗೆ ನಿಂತದ್ದನ್ನು ಗಮನಿಸಿ.

ಆಹ್ವಾನ ಪತ್ರಿಕೆಯಲ್ಲಿ ಆಗುವ ತಪ್ಪು ಇದಕ್ಕೆ ತಿರುಗಾಮುರುಗಾ: ಇರಬೇಕಾದ ಹೆಸರು ಇಲ್ಲದಿರುವುದು. ಸ್ಥಳೀಯ ಶಾಸಕರು ವಿರೋಧ ಪಕ್ಷದವರಾದರೆ ಅಧ್ಯಕ್ಷತೆಯ ಸಾಲು ಮಾಯವಾಗಿಬಿಡುತ್ತದೆ, ಅಥವಾ ಹೆಸರು ಮೂರನೇ ಸಾಲಿಗೆ ಸರಿಯುತ್ತದೆ. ಅದು ಸದನದಲ್ಲಿ ಹಕ್ಕುಚ್ಯುತಿಯಾಗಿ ಎದ್ದಾಗ ಉತ್ತರ ಬರೆಯಬೇಕಾದವರು ಕಾರ್ಡ್ ಅಚ್ಚು ಹಾಕಿಸಿದ ಅಧಿಕಾರಿಗಳೇ. ಹೆಸರಿನ ಅನುಕ್ರಮವನ್ನು ಶಿಷ್ಟಾಚಾರದ ಸುತ್ತೋಲೆಯಿಂದ ತೆಗೆದುಕೊಳ್ಳಿ, ಕಳೆದ ಕಾರ್ಯಕ್ರಮದ ಕಾರ್ಡಿನಿಂದಲ್ಲ. ಕರಡನ್ನು ಅಚ್ಚಿಗೆ ಕೊಡುವ ಮುನ್ನ ಜಿಲ್ಲಾಧಿಕಾರಿ ಕಚೇರಿಯ ಶಿಷ್ಟಾಚಾರ ಶಾಖೆಯ ಒಪ್ಪಿಗೆ ಪಡೆದು ಕಡತದಲ್ಲಿಡಿ. ಛಾಯಾಚಿತ್ರದಲ್ಲೂ ಹಾಗೆ. ವೇದಿಕೆಯ ಒಂದು ತುದಿಯಲ್ಲಿ ನಿಂತ ವಿರೋಧ ಪಕ್ಷದ ಶಾಸಕರನ್ನು ಕತ್ತರಿಸಿ ಕಳಿಸಿದ ಚಿತ್ರದ ಮೂಲ ಪ್ರತಿ ಇನ್ನೊಬ್ಬರ ಕ್ಯಾಮೆರಾದಲ್ಲಿ ಇದ್ದೇ ಇರುತ್ತದೆ.

ಪ್ರವಾಸ ಕಾರ್ಯಕ್ರಮ

ಸಚಿವರ ಪ್ರವಾಸ ಪಟ್ಟಿಯಲ್ಲಿ ಬೆಳಿಗ್ಗೆ 10ಕ್ಕೆ ಪ್ರಗತಿ ಪರಿಶೀಲನಾ ಸಭೆ, 12ಕ್ಕೆ ಶಂಕುಸ್ಥಾಪನೆ, ಮಧ್ಯಾಹ್ನ 3ಕ್ಕೆ ಕಾರ್ಯಕರ್ತರ ಸಭೆ, ಸಂಜೆ ಒಂದು ಮದುವೆ ಇರುತ್ತವೆ. ವಾರ್ತಾ ಕಚೇರಿಯ ಕೆಲಸ 12ರ ಕಾರ್ಯಕ್ರಮದ ಹಾರ ತೆಗೆಯುವಲ್ಲಿಗೆ ಮುಗಿಯಿತು. 3 ಗಂಟೆಯ ಸಭೆಗೆ ಇಲಾಖೆಯ ಛಾಯಾಗ್ರಾಹಕ ಇಲ್ಲ, ವಾಹನ ಇಲ್ಲ, ಮಾಧ್ಯಮದವರಿಗೆ ಆಹ್ವಾನ ಕಳಿಸುವುದಿಲ್ಲ, ಗ್ರೂಪಿನಲ್ಲಿ ನೆನಪೋಲೆಯೂ ಇಲ್ಲ. ಮಾಧ್ಯಮಗಳಿಗೆ ಕಳಿಸುವ ಪಟ್ಟಿಯಲ್ಲಿ ಮೊದಲೆರಡನ್ನು ಮಾತ್ರ ಕೊಟ್ಟು, ‘ನಂತರದ ಕಾರ್ಯಕ್ರಮಗಳು ಖಾಸಗಿ’ ಎಂದು ಬರೆಯಿರಿ.

ಸಾಮಾನ್ಯವಾಗಿ ಎಡವುವುದು ಪತ್ರಕರ್ತರ ವಾಹನದಲ್ಲಿ. ಇಲಾಖೆಯ ಗಾಡಿಯಲ್ಲಿ ಶಂಕುಸ್ಥಾಪನೆಗೆ ಕರೆತಂದ ವರದಿಗಾರರು ‘ಹೇಗೂ ಅದೇ ದಾರಿ, ಪಕ್ಷದ ಕಚೇರಿ ಹತ್ತಿರ ಬಿಡಿ’ ಎನ್ನುತ್ತಾರೆ. ಬಿಟ್ಟರೆ ವಾಹನದ ಲಾಗ್‌ಬುಕ್ಕಿನಲ್ಲಿ ಆ ಕಿಲೋಮೀಟರುಗಳಿಗೆ ಕಾರಣ ಬರೆಯಬೇಕು. ಬರೆಯಲಾಗದ ಕಡೆಗೆ ಗಾಡಿ ಹೋಗಬಾರದು. ನೀತಿ ಸಂಹಿತೆ ಇದ್ದಾಗಲಂತೂ ಸಚಿವರೇ ಸರ್ಕಾರಿ ಭೇಟಿಯನ್ನು ಚುನಾವಣಾ ಕೆಲಸದ ಜೊತೆ ಬೆರೆಸುವಂತಿಲ್ಲ.

ಫೋನು ಮತ್ತು ಹೊರಗುತ್ತಿಗೆ

ಈಗ ಹೆಚ್ಚಿನ ಅನಾಹುತ ಆಗುತ್ತಿರುವುದು ಇಲ್ಲಿ. ಸಾಮಾಜಿಕ ಜಾಲತಾಣದ ಕೆಲಸವನ್ನು ಏಜೆನ್ಸಿಗೆ ಕೊಡುತ್ತಾರೆ. ಆ ಏಜೆನ್ಸಿಯಲ್ಲಿ 24 ವರ್ಷದ ಹುಡುಗನೊಬ್ಬ ಒಂದೇ ಫೋನಿನಲ್ಲಿ ಇಲಾಖೆಯ ಖಾತೆ, ಸಚಿವರ ಸ್ವಂತ ಖಾತೆ, ಪಕ್ಷದ ಜಿಲ್ಲಾ ಘಟಕದ ಖಾತೆ ಮೂರನ್ನೂ ನಡೆಸುತ್ತಿರುತ್ತಾನೆ. ಆ್ಯಪಿನಲ್ಲಿ ಖಾತೆ ಬದಲಿಸುವ ಗುಂಡಿಯ ಪಕ್ಕದ ಚಿತ್ರ ಸಾಸಿವೆ ಕಾಳಿನಷ್ಟು. ರಾತ್ರಿ ಹನ್ನೊಂದಕ್ಕೆ ಪಕ್ಷದ ವ್ಯಂಗ್ಯಚಿತ್ರ ಇಲಾಖೆಯ ಪುಟದಲ್ಲಿ ಬೀಳುವುದಕ್ಕೆ ದುರುದ್ದೇಶ ಬೇಕಿಲ್ಲ, ನಿದ್ದೆಗಣ್ಣು ಸಾಕು.

ಮಾಡಬೇಕಾದ್ದು ಹೀಗೆ. ಸರ್ಕಾರಿ ಖಾತೆಗೆ ಪ್ರತ್ಯೇಕ ಫೋನ್, ಇಲಾಖೆಯ ಹೆಸರಿನ ಸಿಮ್. ಮರುಪ್ರಾಪ್ತಿಯ ಇಮೇಲ್ ಎನ್‌ಐಸಿಯದ್ದು (ಸರ್ಕಾರಿ ಇಮೇಲ್ ನಡೆಸುವ ರಾಷ್ಟ್ರೀಯ ಮಾಹಿತಿ ಕೇಂದ್ರ), ಅದೂ ಹುದ್ದೆಯ ಹೆಸರಿನಲ್ಲಿ, ವ್ಯಕ್ತಿಯ ಹೆಸರಿನಲ್ಲಲ್ಲ. ಪಾಸ್‌ವರ್ಡ್ ಮತ್ತು ಎರಡನೇ ಹಂತದ ಸಂಕೇತ ಅಧಿಕಾರಿಯ ಬಳಿ. ಏಜೆನ್ಸಿಗೆ ಕರಡು ಹಾಕುವಷ್ಟು ಅಧಿಕಾರ ಮಾತ್ರ, ಒತ್ತುವ ಬೆರಳು ನೌಕರನದ್ದು. ಆ ಫೋನಿನಲ್ಲಿ ಬೇರೆ ಯಾವ ಖಾತೆಯೂ ತೆರೆದಿರಬಾರದು. ಒಪ್ಪಂದದಲ್ಲಿ ಮೂರು ಷರತ್ತು ಸೇರಿಸಿ: ಏಜೆನ್ಸಿ ತನ್ನ ಎಲ್ಲ ರಾಜಕೀಯ ಗ್ರಾಹಕರ ಪಟ್ಟಿ ಕೊಡಬೇಕು, ಸರ್ಕಾರಿ ಕೆಲಸಕ್ಕೆ ಹಾಕಿದ ವ್ಯಕ್ತಿಗಳು ಆ ಅವಧಿಯಲ್ಲಿ ಪಕ್ಷದ ಅಥವಾ ಅಭ್ಯರ್ಥಿಯ ಕೆಲಸ ಮಾಡಬಾರದು, ಫಲಾನುಭವಿಗಳ ಹೆಸರು, ಮೊಬೈಲ್ ಸಂಖ್ಯೆಯ ಪಟ್ಟಿ ಏಜೆನ್ಸಿಯ ಕಂಪ್ಯೂಟರಿಗೆ ಇಳಿಯಬಾರದು. ಮೂರನೆಯದನ್ನು ಸಡಿಲ ಬಿಟ್ಟರೆ ಚುನಾವಣೆಯ ಹೊತ್ತಿಗೆ ಆ ಪಟ್ಟಿ ಎಲ್ಲೆಲ್ಲಿ ತೇಲುತ್ತದೋ ಹೇಳಲಾಗದು.

ತಪ್ಪು ಪೋಸ್ಟ್ ಹೋಗಿಯೇಬಿಟ್ಟರೆ ಗಾಬರಿಯಲ್ಲಿ ಅಳಿಸಿ ಸುಮ್ಮನಾಗಬೇಡಿ. ಮೊದಲು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಅಳಿಸಿ. ಅದೇ ಖಾತೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ: ‘ಇಂದು ರಾತ್ರಿ 11.04ಕ್ಕೆ ಈ ಖಾತೆಯಿಂದ ಪ್ರಕಟವಾದ ಪೋಸ್ಟ್ ಇಲಾಖೆಯದ್ದಲ್ಲ, ತಪ್ಪಾಗಿ ಪ್ರಕಟವಾಗಿದೆ, ತೆಗೆಯಲಾಗಿದೆ.’ ಮರುದಿನ ಬೆಳಿಗ್ಗೆ ಮೇಲಧಿಕಾರಿಗೆ ಲಿಖಿತ ವರದಿ. ಅಳಿಸಿ ಅಲ್ಲಗಳೆದವರೇ ಹೆಚ್ಚು ಕಷ್ಟಕ್ಕೆ ಸಿಕ್ಕುತ್ತಾರೆ, ಏಕೆಂದರೆ ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಎಲ್ಲರ ಬಳಿ ಇರುತ್ತದೆ.

ಸ್ವಂತ ಫೋನಿನ ಬಗ್ಗೆ ಎರಡೇ ಮಾತು. ವಾಟ್ಸ್‌ಆ್ಯಪ್ ಸ್ಟೇಟಸ್ ಖಾಸಗಿಯಲ್ಲ, ನಿಮ್ಮ ಸಂಖ್ಯೆ ಜಿಲ್ಲೆಯ ಪ್ರತಿ ವರದಿಗಾರನ ಬಳಿಯೂ ಇದೆ. ‘ಲೈಕ್’ ಒತ್ತುವುದೂ ಮಾತೇ.

ಬಾಯಿಮಾತಿನ ಆದೇಶ

‘ಅದೊಂದು ಹಾಕಿಬಿಡಿ ಸರ್, ಸಾಹೇಬ್ರು ಹೇಳಿದಾರೆ.’ ಪಕ್ಷದ ಕೆಲಸ ಕಚೇರಿಗೆ ಬರುವುದು ಯಾವತ್ತೂ ಫೋನಿನಲ್ಲಿ, ಯಾವತ್ತೂ ಇನ್ನೊಬ್ಬರ ಹೆಸರಿನಲ್ಲಿ. ಪತ್ರದಲ್ಲಿ ಬಂದದ್ದು ಅಪರೂಪ. ಇದಕ್ಕೆ ‘ಆಗಲ್ಲ’ ಎಂದು ಎಗರಾಡುವುದಕ್ಕಿಂತ ಬೇರೆ ದಾರಿ ಇದೆ.

ಮೊದಲು, ಆಗುವುದನ್ನು ಮುಂದಿಡಿ. ‘ಪಕ್ಷದ ಸಮಾವೇಶದ ಟಿಪ್ಪಣಿ ನಮ್ಮಿಂದ ಹೋದರೆ ಸಾಹೇಬರಿಗೇ ತೊಂದರೆ. ಯೋಜನೆಯ ಅಂಕಿಅಂಶ ಈಗಲೇ ಕಳಿಸುತ್ತೇನೆ, ಪಕ್ಷದವರು ಬಳಸಿಕೊಳ್ಳಲಿ.’ ಪ್ರಕಟಿತ ಅಂಕಿಅಂಶವನ್ನು ಯಾರು ಕೇಳಿದರೂ ಕೊಡಬಹುದು, ವಿರೋಧ ಪಕ್ಷದವರು ಕೇಳಿದರೂ. ಹತ್ತರಲ್ಲಿ ಎಂಟು ಸಲ ವಿಷಯ ಇಲ್ಲಿಗೇ ಮುಗಿಯುತ್ತದೆ. ಒತ್ತಡ ಮುಂದುವರಿದರೆ ಮೇಲಧಿಕಾರಿಗೆ ಫೋನಿನಲ್ಲಲ್ಲ, ಇ-ಆಫೀಸ್ ಎಂಬ ಗಣಕ ಕಡತದ ಟಿಪ್ಪಣಿಯಲ್ಲಿ ತಿಳಿಸಿ: ‘ಇಂದು ಬೆಳಿಗ್ಗೆ 10.40ಕ್ಕೆ ದೂರವಾಣಿ ಮೂಲಕ ಈ ಕೆಳಕಂಡ ಪ್ರಕಟಣೆ ನೀಡಲು ಸೂಚಿಸಲಾಗಿದೆ. ಇದು ಇಲಾಖೆಯ ಕಾರ್ಯವ್ಯಾಪ್ತಿಗೆ ಬರುವುದೇ ಎಂಬ ಬಗ್ಗೆ ಆದೇಶ ಕೋರಿದೆ.’ ಯಾರನ್ನೂ ದೂರಿಲ್ಲ, ಪ್ರಶ್ನೆ ಕೇಳಿದ್ದೀರಿ. ಲಿಖಿತವಾಗಿ ‘ಹೌದು’ ಎಂದು ಬರೆಯುವ ಕೈ ಸಿಗುವುದು ಬಹಳ ಕಡಿಮೆ.

ಇದಕ್ಕೆ ಆಸರೆ ಇದೆ. ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಹೂಡಿದ್ದ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ನಡೆಯಬಾರದು, ಸೂಚನೆಗಳು ದಾಖಲಾಗಬೇಕು ಎಂದಿತು. ದಾಖಲಾಗದಿದ್ದರೆ ಮಾಹಿತಿ ಹಕ್ಕಿಗೇ ಅರ್ಥವಿಲ್ಲ ಎಂಬುದು ಆ ತೀರ್ಪಿನ ತರ್ಕದ ಒಂದು ಎಳೆ. ಕಡತದ ಟಿಪ್ಪಣಿ ಮಾಹಿತಿ ಹಕ್ಕಿನಡಿ ಹೊರಬರುತ್ತದೆ ಎಂಬ ಭಯ ಅಧಿಕಾರಿಗಳಿಗೆ ಇದೆಯಲ್ಲ, ಇಂಥ ಹೊತ್ತಿನಲ್ಲಿ ಅದೇ ಕೊಡೆ.

ನೀತಿ ಸಂಹಿತೆಯ ಗಡಿಯಾರ

ಸಂಹಿತೆ ಜಾರಿಯಾಗುವುದು ಆಯೋಗ ವೇಳಾಪಟ್ಟಿ ಘೋಷಿಸಿದ ಕ್ಷಣದಿಂದ, ರಾಜ್ಯಪತ್ರದ ಅಧಿಸೂಚನೆಯಿಂದಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಘೋಷಣೆ ಮಾರ್ಚ್ 29ಕ್ಕೆ, ಅಧಿಸೂಚನೆ ಏಪ್ರಿಲ್ 13ಕ್ಕೆ. ನಡುವೆ ಎರಡು ವಾರ. ಹೊಸಬರು ‘ಅಧಿಸೂಚನೆ ಇನ್ನೂ ಆಗಿಲ್ಲ’ ಎಂದು ಜಾಹೀರಾತು ಬಿಟ್ಟು ಸಿಕ್ಕಿಬೀಳುವುದು ಈ ಎರಡು ವಾರದಲ್ಲೇ.

ಫಲಕ, ಭಿತ್ತಿಪತ್ರ, ಬರಹ ತೆಗೆಯಲು ಗಡುವು: ಸರ್ಕಾರಿ ಕಟ್ಟಡಗಳಿಂದ 24 ಗಂಟೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಸೇತುವೆಯಂಥ ಸಾರ್ವಜನಿಕ ಜಾಗಗಳಿಂದ 48 ಗಂಟೆ, ಖಾಸಗಿ ಜಾಗದಲ್ಲಿ ಅನುಮತಿಯಿಲ್ಲದೆ ಹಾಕಿದ್ದಕ್ಕೆ 72 ಗಂಟೆ. ಇಲಾಖೆಗಳ ಜಾಲತಾಣದಿಂದ ರಾಜಕಾರಣಿಗಳ ಚಿತ್ರ ಕೂಡಲೇ ಹೋಗಬೇಕು. ಈ ಪಟ್ಟಿಯನ್ನು ಘೋಷಣೆಯ ದಿನ ಬರೆಯಲು ಕೂರಬೇಡಿ. ಯಾವ ಫಲಕ ಎಲ್ಲಿದೆ, ತೆಗೆಯುವವರು ಯಾರು, ಅವರ ಫೋನ್ ಸಂಖ್ಯೆ ಏನು ಎಂಬ ವಹಿ ಒಂದು ತಿಂಗಳು ಮೊದಲೇ ಸಿದ್ಧವಿರಲಿ. ತೆಗೆದ ಮೇಲೆ, ತೆಗೆಯುವ ಮುನ್ನ, ಎರಡೂ ಫೋಟೊ ಇರಲಿ.

ದೊಡ್ಡ ಫಲಕ ಮರೆಯುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ಮರೆಯುವುದು ಬಸ್ಸಿನ ಹಿಂಬದಿ, ಪೆಟ್ರೋಲ್ ಬಂಕಿನ ಮೂಲೆ, ವಿದ್ಯುತ್ ಬಿಲ್ಲಿನ ಹಿಂಭಾಗ, ಪಡಿತರ ಅಂಗಡಿಯ ಚೀಲ, ವಾರ್ತಾ ಭವನದ ಗೋದಾಮಿನಲ್ಲಿರುವ ‘ಜನಪದ’ ಮಾಸಪತ್ರಿಕೆಯ ಪ್ರತಿಗಳು, ಕರೆ ಮಾಡಿದಾಗ ಕೇಳುವ ಧ್ವನಿಮುದ್ರಣ, ಅರ್ಜಿ ಹಾಕಿದವರಿಗೆ ತಾನಾಗಿ ಹೋಗುವ ಎಸ್‌ಎಂಎಸ್. 2021ರಲ್ಲಿ ಐದು ಕಡೆ ಚುನಾವಣೆ ಇದ್ದಾಗ ಕೋವಿಡ್ ಲಸಿಕೆ ಪ್ರಮಾಣಪತ್ರದ ಮೇಲಿನ ಪ್ರಧಾನಿ ಚಿತ್ರವನ್ನು ಆ ಕಡೆಗಳಲ್ಲಿ ಬಾರದಂತೆ ತಂತ್ರಾಂಶದಲ್ಲೇ ತಡೆ ಹಾಕಬೇಕಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ‘ವಿಕಸಿತ ಭಾರತ’ ಪ್ರಚಾರದ ವಾಟ್ಸ್‌ಆ್ಯಪ್ ಸಂದೇಶಗಳು ಚುನಾವಣೆ ಘೋಷಣೆಯಾದ ಮೇಲೂ ಜನರ ಫೋನಿಗೆ ಬಂದವು. ಕಳಿಸಿದ್ದು ಮೊದಲೇ, ತಾಂತ್ರಿಕ ಮಿತಿಯಿಂದ ತಡವಾಗಿ ತಲುಪಿವೆ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ವಿವರಿಸಿತು. ಆಯೋಗ ಮಾರ್ಚ್ 21ರಂದು ತಕ್ಷಣ ನಿಲ್ಲಿಸಲು ಹೇಳಿತು. ಸಾಲಿನಲ್ಲಿ ಕಾದು ನಿಂತ ಸಂದೇಶಗಳನ್ನು ನಿಲ್ಲಿಸುವ ಗುಂಡಿ ಎಲ್ಲಿದೆ, ಯಾರು ಒತ್ತಬಲ್ಲರು ಎಂದು ಸೇವಾ ಕಂಪನಿಯಿಂದ ಮುಂಚೆಯೇ ಬರೆಸಿಕೊಂಡಿರಿ.

ಉಪಚುನಾವಣೆಗೆ ಸಾಮಾನ್ಯವಾಗಿ ಇಡೀ ಜಿಲ್ಲೆಗೆ ಸಂಹಿತೆ ಅನ್ವಯ. ಕ್ಷೇತ್ರ ರಾಜಧಾನಿ ಅಥವಾ ಮಹಾನಗರ ಪಾಲಿಕೆಯೊಳಗಿದ್ದರೆ ಆ ಕ್ಷೇತ್ರಕ್ಕೆ ಮಾತ್ರ. ಪದವೀಧರರ, ಶಿಕ್ಷಕರ ಕ್ಷೇತ್ರದ ಪರಿಷತ್ ಚುನಾವಣೆಗೂ ಸಂಹಿತೆ ಇದೆ, ಅದನ್ನೇ ಜನ ಮರೆಯುವುದು.

ಸಂಹಿತೆ ಬಂತೆಂದು ಎಲ್ಲ ಪ್ರಕಟಣೆ ನಿಲ್ಲಿಸಿ ಕೈಕಟ್ಟಿ ಕೂರುವುದೂ ತಪ್ಪೇ. ಡೆಂಗಿ, ಕುಡಿಯುವ ನೀರು, ಪರೀಕ್ಷಾ ವೇಳಾಪಟ್ಟಿ, ಜಲಾಶಯದ ಹೊರಹರಿವಿನ ಎಚ್ಚರಿಕೆ ಹೋಗಲೇಬೇಕು. ಸಚಿವರ ಹೆಸರು, ಚಿತ್ರ ಇಲ್ಲದೆ, ಇಲಾಖಾ ಮುಖ್ಯಸ್ಥರ ಹುದ್ದೆಯ ಹೆಸರಿನಲ್ಲಿ ಹೋಗಲಿ. ಅನುಮಾನ ಇದ್ದುದನ್ನು ಮುಖ್ಯ ಕಾರ್ಯದರ್ಶಿ ನೇತೃತ್ವದ ಪರಿಶೀಲನಾ ಸಮಿತಿಯ ಮೂಲಕ ಮುಖ್ಯ ಚುನಾವಣಾಧಿಕಾರಿಗೆ ಕಳಿಸಿ. ಆ ದಾರಿಯಲ್ಲಿ ದಿನಗಳು ಹಿಡಿಯುತ್ತವೆ, ಲೆಕ್ಕ ಹಾಕಿಕೊಂಡೇ ಕಳಿಸಿ.

ಒಂದೇ ಕುರ್ಚಿ, ಎರಡು ಕೆಲಸ

ಚುನಾವಣೆ ಘೋಷಣೆಯಾದಾಗ ಜಿಲ್ಲಾ ವಾರ್ತಾಧಿಕಾರಿಯ ಸ್ಥಿತಿ ವಿಚಿತ್ರ. ನಿನ್ನೆಯವರೆಗೆ ಸರ್ಕಾರದ ಸಾಧನೆ ಬರೆಯುತ್ತಿದ್ದವರು ಇಂದು ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯ ಸದಸ್ಯ ಕಾರ್ಯದರ್ಶಿ. ಎಂಸಿಎಂಸಿ ಎಂದೇ ಎಲ್ಲರೂ ಕರೆಯುವ ಈ ಸಮಿತಿ ಅಭ್ಯರ್ಥಿಗಳ ಟಿವಿ, ಜಾಲತಾಣ ಜಾಹೀರಾತಿಗೆ ಪೂರ್ವ ಪ್ರಮಾಣೀಕರಣ ಕೊಡುತ್ತದೆ, ಕಾಸಿಗಾಗಿ ಸುದ್ದಿ ಬಂದಿದೆಯೇ ನೋಡುತ್ತದೆ. ಮಾನ್ಯತೆ ಪಡೆದ, ನೋಂದಾಯಿತ ಪಕ್ಷಗಳು ಮತ್ತು ಅಭ್ಯರ್ಥಿಗಳು ಪ್ರಸಾರಕ್ಕೆ 3 ದಿನ ಮೊದಲು, ಉಳಿದವರು 7 ದಿನ ಮೊದಲು ಅರ್ಜಿ ಕೊಡಬೇಕು. ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಪತ್ರಿಕಾ ಜಾಹೀರಾತಿಗೂ ಪ್ರಮಾಣಪತ್ರ ಬೇಕು. ಕಾಸಿಗಾಗಿ ಸುದ್ದಿಯ ಅನುಮಾನವಿದ್ದರೆ ಪ್ರಕಟವಾದ 96 ಗಂಟೆಯೊಳಗೆ ಚುನಾವಣಾಧಿಕಾರಿಯ ನೋಟಿಸ್ ಹೋಗಬೇಕು, ಅಭ್ಯರ್ಥಿಗೆ ಉತ್ತರಿಸಲು 48 ಗಂಟೆ.

ಇಲ್ಲಿ ಎಲ್ಲರ ಕಣ್ಣೂ ಕಾರ್ಯದರ್ಶಿಯ ಮೇಲೆ. ಅರ್ಜಿ ಬಂದ ಗಂಟೆ, ನಿಮಿಷ, ಸಮಿತಿ ನೋಡಿದ ಹೊತ್ತು, ತೀರ್ಮಾನ, ಕಾರಣ ಇವಿಷ್ಟನ್ನು ಒಂದೇ ವಹಿಯಲ್ಲಿ ಬಂದ ಅನುಕ್ರಮದಲ್ಲೇ ಬರೆಯಿರಿ. ಆಳುವ ಪಕ್ಷದ ಅರ್ಜಿ ಎರಡು ಗಂಟೆಯಲ್ಲಿ, ಪಕ್ಷೇತರನ ಅರ್ಜಿ ಎರಡು ದಿನದಲ್ಲಿ ಮುಗಿದಿದ್ದರೆ ಆ ವಹಿಯೇ ಹೇಳುತ್ತದೆ. ಪತ್ರಿಕೆ ಕತ್ತರಿಸುವ ಸಿಬ್ಬಂದಿಗೆ ಪಕ್ಷವಾರು ಹಂಚಬೇಡಿ, ಪತ್ರಿಕೆವಾರು ಹಂಚಿ. ಒಬ್ಬನೇ ಒಂದು ಪಕ್ಷದ ಸುದ್ದಿಯನ್ನಷ್ಟೇ ನೋಡುತ್ತಾ ಹೋದರೆ ಅವನ ಅಳತೆಗೋಲು ಮೂರು ದಿನದಲ್ಲಿ ಡೊಂಕಾಗುತ್ತದೆ. ಅವನ ಪ್ರಾಮಾಣಿಕತೆ ಅದನ್ನು ತಡೆಯುವುದಿಲ್ಲ. ಮನೆಯವರು ಯಾರಾದರೂ ಕಣದಲ್ಲಿದ್ದರೆ, ಯಾವುದಾದರೂ ಪಕ್ಷದ ಪದಾಧಿಕಾರಿಯಾಗಿದ್ದರೆ, ಘೋಷಣೆಗೆ ಮೊದಲೇ ಜಿಲ್ಲಾಧಿಕಾರಿಗೆ ಬರೆದುಕೊಟ್ಟು ಆ ಕುರ್ಚಿಯಿಂದ ಸರಿದುಕೊಳ್ಳಿ.

ಸರ್ಕಾರ ಬದಲಾದ ದಿನ

ಫಲಿತಾಂಶದ ಸಂಜೆ ಕೆಲವರು ಹಳೆಯ ಸರ್ಕಾರದ ಫೋಟೊ, ವಿಡಿಯೊ, ಟಿಪ್ಪಣಿಗಳನ್ನೆಲ್ಲ ಅಳಿಸಲು ಕೂರುತ್ತಾರೆ, ಹೊಸಬರ ಮೆಚ್ಚುಗೆಗೆ. ಅವು ಇಲಾಖೆಯ ದಾಖಲೆ, ಯಾರ ಸ್ವಂತದ್ದೂ ಅಲ್ಲ. ಮುಖಪುಟದಿಂದ ತೆಗೆಯಿರಿ, ಕಡತಾಗಾರದಲ್ಲಿ ದಿನಾಂಕವಾರು ಇಡಿ. ಹುದ್ದೆಯ ಹೆಸರಿನ ಖಾತೆ ಹುದ್ದೆಯ ಜೊತೆಗೆ ಹೋಗುತ್ತದೆ: ಹೆಸರು, ಚಿತ್ರ, ಪರಿಚಯದ ಸಾಲು ಬದಲಾಗುತ್ತವೆ, ಹಳೆಯ ಪೋಸ್ಟ್ ಮತ್ತು ಅನುಯಾಯಿಗಳು ಉಳಿಯುತ್ತಾರೆ. ನಿರ್ಗಮಿಸುವ ಸಚಿವರ ತಂಡ ಆ ಖಾತೆಯನ್ನು ಸ್ವಂತ ಹೆಸರಿಗೆ ಬದಲಿಸಿಕೊಂಡು ಹೋಗುವ ಮುನ್ನ, ಎಣಿಕೆಯ ಹಿಂದಿನ ದಿನವೇ ಪಾಸ್‌ವರ್ಡ್ ಬದಲಿಸಿ ಏಜೆನ್ಸಿಯ ಪ್ರವೇಶ ತೆಗೆದುಬಿಡಿ. ಹಸ್ತಾಂತರದ ಹಾಳೆಯಲ್ಲಿ ಖಾತೆಗಳ ಪಟ್ಟಿ, ಸಿಮ್ ಸಂಖ್ಯೆ, ಮರುಪ್ರಾಪ್ತಿ ಇಮೇಲ್, ಅಂದಿನ ಅನುಯಾಯಿಗಳ ಎಣಿಕೆ ಬರೆದು, ಕೊಟ್ಟವರು ಮತ್ತು ಪಡೆದವರು ಇಬ್ಬರೂ ರುಜು ಹಾಕಬೇಕು.